ಮೂವತ್ತೊಂದು ಬಕೆಟ್ ಮನೆ

ಬಸ್ಸು ಆ ಕಡೆಗೆ ಬರುವುದಿಲ್ಲ. ದೊಡ್ಡ ರಸ್ತೆಯಲ್ಲಿ ಇಳಿದು, ಜೋಳದ ಹೊಲಗಳ ನಡುವಿನ ಮಣ್ಣು ದಾರಿಯಲ್ಲಿ ಎರಡು ಗಂಟೆ ನಡೆಯಬೇಕು. ಅರ್ಧ ದಾರಿಗೇ ಮನೆ ಕಾಣುತ್ತದೆ. ಕಂಡ ಮೇಲೂ ಮುಟ್ಟಲು ಒಂದು ಗಂಟೆ. ಹೊಸಬರು ಅದನ್ನು ಶಾಲೆಯೋ ಆಸ್ಪತ್ರೆಯೋ ಎಂದುಕೊಳ್ಳುತ್ತಾರೆ. ಎರಡು ಅಂತಸ್ತು, ಮೂರು ಕಡೆ ಮೆಟ್ಟಿಲು, ಎಣಿಸಿದಷ್ಟೂ ಮುಗಿಯದ ಕಿಟಕಿಗಳು. ಕಟ್ಟಿಸಿದ ಹಿರಿಯರು ಮಕ್ಕಳು ಹುಟ್ಟುವ ಮೊದಲೇ ಮೊಮ್ಮಕ್ಕಳಿಗೂ ಕೋಣೆ ಹಾಕಿಸಿದ್ದರಂತೆ. ಹುಟ್ಟಿದ್ದು ಒಬ್ಬನೇ ಮಗ. ಕೋಣೆಗಳು ಮಾತ್ರ ಹೇಳಿದಷ್ಟೂ ಹುಟ್ಟಿದವು.

"ಎಂಥಾ ಮನೆ!" ಎಂದು ಬಂದವರು ಬಾಯಿ ತೆರೆದರೆ ಚಿಕ್ಕಮ್ಮ, "ಹೌದು, ಮೂವತ್ತೊಂದು ಬಕೆಟ್," ಎನ್ನುತ್ತಿದ್ದಳು.

ಅದು ಅವಳ ಅಳತೆ. ಮುಂದಿನ ಹಜಾರ ಒರೆಸಲು ಮೂರು ಬಕೆಟ್ ನೀರು ಬೇಕು. ಮೇಲಿನ ಮಲಗುವ ಕೋಣೆಗಳು ತಲಾ ಒಂದು. ಮೆಟ್ಟಿಲುಗಳು ಅರ್ಧರ್ಧ. ಬಿತ್ತನೆ ಬೀಜದ ಕೋಣೆಗೆ ಅರ್ಧ ಸಾಕು, ಹೆಚ್ಚು ಸುರಿದರೆ ಬೀಜ ಮೊಳೆಯುತ್ತದೆ. ಒಂದೇ ದಿನ ಇಡೀ ಮನೆ ಒರೆಸುವ ಹುಚ್ಚು ಯಾರಿಗೂ ಇರಲಿಲ್ಲ. ವಾರವನ್ನು ಹಂಚಿಕೊಂಡು ಒರೆಸಿದರೆ ಶನಿವಾರಕ್ಕೆ ಮೂವತ್ತೊಂದು ಮುಗಿಯುತ್ತಿತ್ತು. ಭಾನುವಾರ ಮೊದಲ ಕೋಣೆಯಲ್ಲಿ ಮತ್ತೆ ಧೂಳು ಕೂತಿರುತ್ತಿತ್ತು. ಇಷ್ಟಗಲದ ಕೋಣೆ, ಇಷ್ಟುದ್ದದ ಕೋಣೆ ಎಂದು ಯಾರಾದರೂ ಹೇಳಿದರೆ ಅವಳಿಗೆ ಅರ್ಥವೇ ಆಗುತ್ತಿರಲಿಲ್ಲ. "ಎಷ್ಟು ಬಕೆಟ್ ಹೇಳಿ" ಎನ್ನುತ್ತಿದ್ದಳು.

ಅವಳನ್ನು ಆ ಮನೆಯ ಮೂವರು ಗಂಡುಮಕ್ಕಳು ಚಿಕ್ಕಮ್ಮ ಎಂದರು. ಅದು ಸರಿಯೇ, ಆಕೆ ಅವರ ತಾಯಿಯ ತಂಗಿ. ಆಮೇಲೆ ಬಂದ ಸೊಸೆಯರೂ ಹಾಗೇ ಕರೆದರು. ಹಾಲು ಒಯ್ಯುವವನು, ಅಂಚೆಯವನು, ಹೊಲದ ಆಳುಗಳು, ಎಲ್ಲರಿಗೂ ಚಿಕ್ಕಮ್ಮ. ಅಂಚೆಯವನಂತೂ ಅವಳಿಗಿಂತ ಹತ್ತು ವರ್ಷ ದೊಡ್ಡವನು, ಮೀಸೆಯೆಲ್ಲ ಬೆಳ್ಳಗಾಗಿತ್ತು. "ನಿನಗೂ ನಾನು ಚಿಕ್ಕಮ್ಮನೇ? ನಿಮ್ಮಪ್ಪನ್ನ ಯಾವಾಗ ಕಟ್ಟಿಕೊಂಡೆನಪ್ಪಾ?" ಎಂದು ಅವಳು ಕೇಳಿದರೆ ಅವನು ನಾಚಿಕೊಂಡು ಸೈಕಲ್ ಹತ್ತಿಬಿಡುತ್ತಿದ್ದ.

ಅವಳು ಆ ಮನೆಗೆ ಬಂದದ್ದು ಮೂರು ವಾರಕ್ಕೆ.

ಆಗ ಹದಿನಾಲ್ಕು ವರ್ಷ. ಅಕ್ಕನಿಗೆ ಚೊಚ್ಚಲ ಹೆರಿಗೆ. ಕೈಯಲ್ಲೊಂದು ತಗಡಿನ ಪೆಟ್ಟಿಗೆ, ಅದರಲ್ಲಿ ಎರಡು ಜೊತೆ ಬಟ್ಟೆ. "ಮೂರೇ ವಾರ, ಆಮೇಲೆ ನಾನೇ ಬಂದು ಬಿಟ್ಟುಹೋಗ್ತೀನಿ," ಎಂದು ಆ ಮನೆಯ ಒಬ್ಬನೇ ಮಗನಾದ ಭಾವ ಅವಳ ತಾಯಿಗೆ ಮಾತು ಕೊಟ್ಟಿದ್ದ. ಭಾವ ಸುಳ್ಳುಗಾರನಲ್ಲ. ಮೂರನೆಯ ವಾರ ಅಕ್ಕನಿಗೆ ಜ್ವರ ಬಂತು. ಜ್ವರ ಬಿಟ್ಟಾಗ ಆಲೂಗಡ್ಡೆ ಕೀಳುವ ಕಾಲ. ನಲವತ್ತು ಆಳುಗಳಿಗೆ ಅಡುಗೆ. ಅದು ಮುಗಿದರೆ ಬಿತ್ತನೆ, ಮತ್ತೆ ಕೊಯ್ಲು, ಅಷ್ಟರಲ್ಲಿ ಅಕ್ಕ ಮತ್ತೆ ಬಸುರಿ. ನಲವತ್ತಾರು ವರ್ಷ ಕಳೆದರೂ ಆ ಮೂರನೆಯ ವಾರ ಮುಗಿಯಲಿಲ್ಲ.

ದೊಡ್ಡವನ ಹಿಂದೆ ನಡುವಿನವನು ಹುಟ್ಟಿದ. ಎಂಟು ತಿಂಗಳಿಗೇ, ಗಡಗಡ ನಡುಗುವ ಚಳಿಯಲ್ಲಿ, ಅಂಗೈಯಗಲದ ಕೂಸು. ಅಳಲೂ ಶಕ್ತಿಯಿಲ್ಲ. ಮನೆಯಲ್ಲಿ ಅಷ್ಟೊಂದು ಕೋಣೆಗಳಿದ್ದರೂ ಬೆಚ್ಚಗಿನದೆಂದರೆ ಒಂದೇ, ಅಡುಗೆಮನೆಯ ಹಿಂದಿನ ಹಿತ್ತಿಲ ಕೋಣೆ. ಅಲ್ಲಿ ನೀರು ಕಾಯಿಸುವ ಒಲೆ ಇಡೀ ದಿನ ಉರಿಯುತ್ತಿತ್ತು. ಬಟ್ಟೆಯ ಬುಟ್ಟಿಯಲ್ಲಿ ಹತ್ತಿ ತುಂಬಿ, ಕೂಸನ್ನು ಅದರಲ್ಲಿಟ್ಟು, ಒಲೆಯಿಂದ ಮೂರು ಮೊಳ ದೂರದಲ್ಲಿ ಚಿಕ್ಕಮ್ಮ ನಲವತ್ತು ದಿನ ಕಾದಳು. ಅವಳಿಗೆ ಆಗ ಹದಿನೇಳು. ಬೆಂಕಿ ಜೋರಾಗಕೂಡದು, ಆರಲೂಕೂಡದು. ನಲವತ್ತೊಂದನೆಯ ದಿನ ಕೂಸು ಕಿಟಾರನೆ ಕಿರುಚಿತು. "ಅಲ್ಲಿಂದ ಬಿಟ್ಟ ಬಾಯಿ ಇನ್ನೂ ಮುಚ್ಚಿಲ್ಲ," ಎಂದು ಅವಳು ಹೇಳುವುದುಂಟು. ಅವನೀಗ ಟ್ರಾಕ್ಟರ್ ರಿಪೇರಿ ಮಾಡುತ್ತಾನೆ, ಎಂಜಿನ್ ಸದ್ದಿನ ಮೇಲೆ ಮಾತಾಡಿ ರೂಢಿಯಾಗಿ ಊಟಕ್ಕೆ ಕೂತಾಗಲೂ ಕೂಗುತ್ತಾನೆ.

ಸಣ್ಣವನಿಗೆ ಆರು ವರ್ಷವಾಗಿದ್ದಾಗ ಅಕ್ಕ ತೀರಿಕೊಂಡಳು. ಚಿಕ್ಕಮ್ಮನಿಗೆ ಸಂಬಂಧಗಳು ಬಾರದೆ ಇರಲಿಲ್ಲ. ಸಣ್ಣವನು ಶಾಲೆಗೆ ಸೇರಲಿ ಎಂದರು. ದೊಡ್ಡವನ ಪರೀಕ್ಷೆ ಮುಗಿಯಲಿ ಎಂದರು. ಬೀಜದ ವ್ಯಾಪಾರಿ ಒಬ್ಬ ಇವಳನ್ನೇ ಕೇಳಿಕೊಂಡು ಎರಡು ಸಲ ಬಂದ, ಅಷ್ಟು ದೂರ ನಡೆದು. ಮೂರನೆಯ ಸಲ ಬಂದಾಗ ಅವನ ಕೈಯಲ್ಲಿ ಅವನದೇ ಮದುವೆಯ ಕರೆಯೋಲೆ ಇತ್ತು. ಈ ಕಥೆಯನ್ನು ಅವಳು ಸೊಸೆಯರಿಗೆ ನಗುತ್ತಲೇ ಹೇಳುತ್ತಿದ್ದಳು. "ಚಹಾಕ್ಕೆ ಒಂದು ಚಮಚ ಸಕ್ಕರೆ ಜಾಸ್ತಿನೇ ಹಾಕಿಕೊಟ್ಟೆ ಕಣ್ರೇ. ಪಾಪ, ಬಿಸಿಲಲ್ಲಿ ಬಂದಿದ್ದ."

ಅವಳನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ಊಟಕ್ಕೆ ಕಡಿಮೆ ಮಾಡಲಿಲ್ಲ. ಭಾವ ಮರ್ಯಾದಸ್ಥ. ಮಕ್ಕಳಿಗೆ ಅವಳೆಂದರೆ ಪ್ರಾಣ. ಸಾಕು ನಾಯಿಗೂ ಗೂಡಿದ್ದ ಆ ಮನೆಯಲ್ಲಿ ಅವಳಿಗೊಂದು ಕೋಣೆ ಇರಲಿಲ್ಲ, ಅಷ್ಟೇ. ಬೇಕೆಂದು ಮಾಡಿದ್ದಲ್ಲ. ಮೊದಲು ಬಾಣಂತಿಯ ಬಾಗಿಲ ಹೊರಗೆ ಮಲಗಿದಳು. ಆಮೇಲೆ ಮಕ್ಕಳ ಕೋಣೆಯ ಹೊರಗಿನ ಓಣಿಯಲ್ಲಿ. ಭಾವ ಹಾಸಿಗೆ ಹಿಡಿದ ಮೇಲೆ ಅವನ ಕೋಣೆಯ ಹೊಸ್ತಿಲಾಚೆ. ಹಾಸಿಗೆ ಎಲ್ಲೇ ಸುತ್ತಿಕೊಂಡು ಹೋದರೂ ಅದರ ಜಾಗ ಒಂದೇ: ಕರೆದರೆ ಕೇಳುವಷ್ಟು ದೂರ. "ಚಿಕ್ಕಮ್ಮಾ" ಎಂದರೆ "ಬಂದೆ." ಯಾರು ಕರೆದದ್ದು, ಯಾಕೆ ಎಂದು ಕೇಳುವ ಮೊದಲೇ ಕಾಲು ನೆಲದ ಮೇಲಿರುತ್ತಿತ್ತು. ಅರವತ್ತು ವರ್ಷ ತುಂಬಿದರೂ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲಿನ ಹಿಂದೆ ಅವಳು ಒಂದು ದಿನವೂ ಮಲಗಿರಲಿಲ್ಲ.

ಅವಳಿಗೆ ಅದು ಬೇಕೆನಿಸುತ್ತಿತ್ತು. ಹೇಳಿಕೊಳ್ಳಲು ನಾಚಿಕೆ. ಇಷ್ಟು ದೊಡ್ಡ ಮನೆಯಲ್ಲಿದ್ದುಕೊಂಡು ಚಿಲಕಕ್ಕೆ ಆಸೆಪಟ್ಟಳು ಎಂದರೆ ಜನ ನಗುವುದಿಲ್ಲವೆ?

ಸೊಸೆಯರು ಬಂದಾಗ ಅವಳು ಮೊದಲು ಕೈಗೆ ಕೊಟ್ಟದ್ದು ಬಕೆಟ್ ಲೆಕ್ಕ. ಹಿರಿ ಸೊಸೆ ಮಿತಭಾಷಿ, ಒಂದೇ ವಾರದಲ್ಲಿ ಎಲ್ಲ ಬಾಯಿಪಾಠ ಮಾಡಿದಳು. ನಡು ಸೊಸೆಯ ನಾಲಿಗೆ ಕತ್ತರಿ. "ಇದು ಮನೆಯಲ್ಲ ಚಿಕ್ಕಮ್ಮ, ಕೆರೆ ಖಾಲಿ ಮಾಡೋ ಯಂತ್ರ," ಎಂದಳು. ಕಿರಿ ಸೊಸೆ ಓದಿದವಳು, ಮೊದಮೊದಲು ಅತ್ತಳು. ಅತ್ತದ್ದೂ ಹಿತ್ತಿಲ ಕೋಣೆಯಲ್ಲೇ. ಅಲ್ಲಿ ಎಲ್ಲವೂ ನಡೆಯುತ್ತಿತ್ತು. ಎರಡು ದೊಡ್ಡ ಕಿಟಕಿ, ಮೊಳಕಾಲೆತ್ತರದ ಕಲ್ಲಿನ ತೊಟ್ಟಿ, ಪಾತ್ರೆ ತೊಳೆಯುವ ಕಟ್ಟೆ, ನೀರಿನ ಒಲೆ, ಹಿತ್ತಿಲಿಗೆ ತೆರೆಯುವ ಬಾಗಿಲು. ಗಂಡಸರ ಕೊಳೆ ಬಟ್ಟೆ ಒಂದು ಬಾಗಿಲಿಂದ ಹೋಗಿ ಮಡಿಸಿಕೊಂಡು ಇನ್ನೊಂದು ಬಾಗಿಲಿಂದ ಬರುತ್ತಿತ್ತು. ತಟ್ಟೆಗಳೂ ಹಾಗೆಯೇ. ನಡುವೆ ಅವು ಎಲ್ಲಿಗೆ ಹೋಗಿ ಬಂದವೆಂದು ಯಾರೂ ಕೇಳಲಿಲ್ಲ. ಅಡುಗೆಮನೆಯವರೆಗೆ ಹಸಿವು ಕರೆದುಕೊಂಡು ಬರುತ್ತದೆ. ಅದರಾಚೆಗೆ ಗಂಡಸರನ್ನು ಕರೆದೊಯ್ಯುವಂಥದ್ದು ಏನೂ ಇರಲಿಲ್ಲ.

ಅಲ್ಲಿ ಮೂವರು ಸೊಸೆಯರು ಜಗಳವಾಡಿದರು, ರಾಜಿಯಾದರು, ಗಂಡಂದಿರ ನಡೆಯನ್ನು ಅಣಕಿಸಿ ತೊಟ್ಟಿಗೆ ಬೀಳುವಷ್ಟು ನಕ್ಕರು. ಮೊಮ್ಮಕ್ಕಳು ಅಲ್ಲೇ ಕಟ್ಟೆ ಹಿಡಿದು ಹೆಜ್ಜೆ ಕಲಿತವು. ನೆಲ ಕಲ್ಲಿನದು, ಯಾವಾಗಲೂ ಜಿಡ್ಡು. ಮೂರು ಬಕೆಟ್ ಬೇಕೇ ಬೇಕು.

ಭಾವ ಹೋದ ವರ್ಷ ತೀರಿಕೊಂಡ. ಹೊಲಗಳನ್ನು ಅವನೇ ಬದುಕಿದ್ದಾಗ ಹಂಚಿದ್ದ. ಮನೆ ಉಳಿದಿತ್ತು. ಅಣ್ಣತಮ್ಮಂದಿರಲ್ಲಿ ಜಗಳವೇನೂ ಇರಲಿಲ್ಲ. ಮೇಲಿನ ಮಾಡು ಸೋರುತ್ತಿತ್ತು; ದೊಡ್ಡವನು ನಡುವಿನವನು ನೋಡಲಿ ಎಂದ, ನಡುವಿನವನು ಸಣ್ಣವನ ಕೋಣೆಯ ಮೇಲಲ್ಲವೆ ಎಂದ, ಶಾಲೆಯ ಮೇಷ್ಟ್ರಾದ ಸಣ್ಣವನು ಸೋರುವ ಕಡೆ ಪಾತ್ರೆ ಇಟ್ಟು ಪುಸ್ತಕ ಓದಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕೊನೆಗೆ ಮೂವರೂ ಕೂತು, ಮನೆಯನ್ನು ಮೂರು ಭಾಗ ಮಾಡೋಣ, ಅವರವರ ಮಾಡು ಅವರವರು ನೋಡಿಕೊಳ್ಳಲಿ ಎಂದು ತೀರ್ಮಾನಿಸಿದರು.

"ಮತ್ತೆ ಚಿಕ್ಕಮ್ಮ?" ಎಂದು ಕಿರಿ ಸೊಸೆ ಕೇಳಿದಳು.

"ಚಿಕ್ಕಮ್ಮನ್ನ ಬಿಡೋಕಾಗುತ್ತಾ!" ದೊಡ್ಡವನಿಗೆ ನಿಜಕ್ಕೂ ನೋವಾಯಿತು. "ನಾಲ್ಕು ತಿಂಗಳು ನಮ್ಮಲ್ಲಿ, ನಾಲ್ಕು ತಿಂಗಳು ಇವನಲ್ಲಿ, ನಾಲ್ಕು ತಿಂಗಳು ಅವನಲ್ಲಿ. ಯಾರಿಗೂ ಮೋಸ ಆಗಬಾರದು."

"ಯಾರಿಗೂ ಅಂದ್ರೆ ನಿಮಗೆ ಮೂವರಿಗಾ?" ಎಂದಳು ನಡು ಸೊಸೆ. ಗಂಡಸರಿಗೆ ಅದು ಕೇಳಿಸಲಿಲ್ಲ.

ಚಿಕ್ಕಮ್ಮ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ವರ್ಷಕ್ಕೆ ಮೂರು ಸಲ ಪೆಟ್ಟಿಗೆ ಎತ್ತಬೇಕು. ಮೂರು ಓಣಿ, ಮೂರು ಹೊಸ್ತಿಲು. ಇಷ್ಟು ದಿನ ಒಂದು ಕಡೆಯಿಂದ ಕರೆಯುತ್ತಿದ್ದರು, ಇನ್ನು ಎರಡು ಗೋಡೆಗಳಾಚೆಯಿಂದಲೂ ಕರೆಯುತ್ತಾರೆ. "ಆಗಲಿ ಮಗಾ, ಹೇಗೆ ನಿಮಗೆ ಅನುಕೂಲವೋ ಹಾಗೆ," ಎಂದಳು. ಆ ದಿನ ಸಿಪ್ಪೆಗಳು ಎಂದಿಗಿಂತ ದಪ್ಪ ಬಂದವು.

ಪೇಟೆಯಿಂದ ಪಾಲುಪತ್ರ ಬರೆಯುವವರು ಬಂದರು. ಬಗಲಲ್ಲಿ ಫೈಲು, ಕೈಯಲ್ಲಿ ಅಳೆಯುವ ಟೇಪು. ಮಣ್ಣು ದಾರಿಯಲ್ಲಿ ನಡೆದು ಅರ್ಧ ಜೀವವಾಗಿದ್ದರು. ನಡುವಿನವನು ಅವರ ಜೊತೆ ಕೋಣೆ ಕೋಣೆ ಸುತ್ತಿದ. ಟೇಪಿನ ಒಂದು ತುದಿ ಇವನು ಹಿಡಿಯುವುದು, ಇನ್ನೊಂದು ತುದಿ ಅವರು. ಅಡುಗೆಮನೆ ಅಳೆದರು, ಗೋಡೆಯಿಂದ ಗೋಡೆಗೆ. ಹಿಂದಿನ ಬಾಗಿಲಲ್ಲಿ ಒದ್ದೆ ಹಾಸಿಗೆಬಟ್ಟೆ ನೇತಾಡುತ್ತಿತ್ತು. ಆಚೆ ಪಾತ್ರೆಗಳ ಸದ್ದು.

"ಅಲ್ಲಿ?" ಎಂದರು ಪತ್ರದವರು.

"ಅಲ್ಲೇನೂ ಇಲ್ಲ ಸಾರ್," ಎಂದ ನಡುವಿನವನು. "ಹೆಂಗಸರು ಪಾತ್ರೆ ತೊಳೀತಾರೆ."

ಪತ್ರದವರಿಗೂ ಹೆಂಗಸರು ಪಾತ್ರೆ ತೊಳೆಯುವ ಮನೆಯೇ ಇತ್ತು. ಏನೂ ಇಲ್ಲದ ಕಡೆ ಅಳೆಯುವುದೇನು? ಟೇಪು ಸುತ್ತಿಕೊಂಡು ಮೆಟ್ಟಿಲು ಹತ್ತಿದರು.

ಒಂದು ವಾರದ ಮೇಲೆ ಪತ್ರ ಓದಿ ಹೇಳಲು ಎಲ್ಲರನ್ನೂ ಹಜಾರಕ್ಕೆ ಕರೆದರು. ಗಂಡಸರು ಕುರ್ಚಿಗಳಲ್ಲಿ, ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ. ಪತ್ರದವರು ಗಂಟಲು ಸರಿಮಾಡಿಕೊಂಡು ಓದಿದರು. ಮುಂದಿನ ಹಜಾರ ಇಂತಿಷ್ಟು, ಹಿರಿಯ ಮಗನಿಗೆ. ಚಿಕ್ಕಮ್ಮ ಸೆರಗಿನೊಳಗೆ ಬೆರಳು ಮಡಿಸಿದಳು: ಮೂರು. ಅಡುಗೆಮನೆಯೂ ಹಿರಿಯ ಮಗನಿಗೆ; ಎರಡು, ಒಟ್ಟು ಐದು. ಬೀಜದ ಕೋಣೆ, ಅರ್ಧ. ಮೇಲಿನ ಸಾಲು, ಪಶ್ಚಿಮದ ಮೆಟ್ಟಿಲು, ಕಚೇರಿ ಕೋಣೆ. ಅವಳಿಗೆ ಗಜ ತಿಳಿಯದು, ಅಡಿ ತಿಳಿಯದು, ನೀರು ತಿಳಿಯುತ್ತದೆ. "...ಹೀಗೆ ಒಟ್ಟು ಇಪ್ಪತ್ತೊಂದು ಕೋಣೆಗಳು," ಎಂದು ಪತ್ರದವರು ಕನ್ನಡಕ ತೆಗೆದಾಗ ಅವಳ ಲೆಕ್ಕ ಇಪ್ಪತ್ತೆಂಟಕ್ಕೆ ನಿಂತಿತ್ತು.

ಮೂರು ಬಕೆಟ್ ಕಡಿಮೆ.

ಎಲ್ಲಿ ಸೋರಿತೆಂದು ಅವಳಿಗೆ ತಕ್ಷಣ ತಿಳಿಯಿತು. "ಅಯ್ಯೋ, ಮಗಾ, ಅದೊಂದು..." ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಬಲಗಾಲಿನ ಹೆಬ್ಬೆರಳ ಮೇಲೆ ಕಲ್ಲು ಬಿದ್ದಂತಾಯಿತು. ಹಿರಿ ಸೊಸೆಯ ಹಿಮ್ಮಡಿ. ಹತ್ತು ವರ್ಷಕ್ಕೊಂದು ಮಾತಾಡುವ ಹಿರಿ ಸೊಸೆ ಪತ್ರದವರ ಕಡೆಗೇ ನೋಡುತ್ತಾ, ಕಾಲನ್ನು ಇನ್ನಷ್ಟು ಒತ್ತಿದಳು.

"ಏನು ಚಿಕ್ಕಮ್ಮಾ?" ಎಂದ ಸಣ್ಣವನು.

"ಏನಿಲ್ಲಪ್ಪ. ಚಹಾ ತರಲಾ ಅಂತ ಕೇಳಿದೆ."

ಮೂವರೂ ಸಹಿ ಹಾಕಿದರು. ಮಾರನೆಯ ವಾರ ಪೇಟೆಯ ಕಚೇರಿಯಲ್ಲಿ ಮುದ್ರೆ ಬಿತ್ತು.

ಹಿತ್ತಿಲ ಕೋಣೆಗೆ ಬರುತ್ತಲೇ ನಡು ಸೊಸೆ ಬಾಯಿಗೆ ಬಟ್ಟೆ ತುರುಕಿಕೊಂಡು ನಗತೊಡಗಿದಳು. "ಇಪ್ಪತ್ತೆಂಟು! ನಾನೂ ಎಣಿಸ್ತಿದ್ದೆ ಅಕ್ಕಾ. ಹುಟ್ಟಿದಾಗಿನಿಂದ ಇದೇ ಮನೇಲಿ ಇದ್ದಾರೆ, ಮನೇಲಿ ಎಷ್ಟು ಕೋಣೆ ಅಂತ ಗೊತ್ತಿಲ್ಲ!"

"ತಪ್ಪಲ್ವೇನ್ರೇ? ಹೇಳಿಬಿಡೋಣ," ಎಂದಳು ಚಿಕ್ಕಮ್ಮ ಹೆಬ್ಬೆರಳು ಉಜ್ಜಿಕೊಳ್ಳುತ್ತಾ.

"ಅಲ್ಲೇನೂ ಇಲ್ಲ ಅಂತ ಅವರೇ ಹೇಳಿದ್ದಾರೆ," ಎಂದಳು ಹಿರಿ ಸೊಸೆ. "ಇಲ್ಲದ್ದರ ಬಗ್ಗೆ ನಾವೇನು ಹೇಳೋದು? ನೀವು ಸುಮ್ನಿರಿ ಚಿಕ್ಕಮ್ಮ. ಗೋಡೆ ಎತ್ತೋ ದಿನ ಅವರಿಗೇ ಗೊತ್ತಾಗುತ್ತೆ. ಆಗ ನೀವು ಬಾಯಿ ಬಿಡಬೇಕು. ನಾವಲ್ಲ, ನೀವು."

ಗೋಡೆ ಎತ್ತುವ ಮೇಸ್ತ್ರಿ ಬರಲು ಇನ್ನೂ ಮೂರು ವಾರವಿತ್ತು. ಈ ಮೂರು ವಾರ ಚಿಕ್ಕಮ್ಮನಿಗೆ ಆ ಮೂರು ವಾರಕ್ಕಿಂತ ಉದ್ದವಾದವು. ಮನೆಯಲ್ಲಿ ಯಾರಾದರೂ 'ಪತ್ರ' ಎಂದರೆ ಸಾಕು, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಬೆಚ್ಚುತ್ತಿದ್ದಳು. ಆದರೂ ಪಾತ್ರೆ ತೊಳೆಯುತ್ತಾ ತೊಳೆಯುತ್ತಾ ಕಣ್ಣು ಮಾತ್ರ ಬೇರೆ ಕೆಲಸ ಮಾಡುತ್ತಿತ್ತು. ಪೂರ್ವದ ಕಿಟಕಿಯ ಕೆಳಗೆ ಮಂಚ ಹಿಡಿಯುತ್ತದೆ. ಕಟ್ಟೆಯ ಮೇಲೆ ಪೆಟ್ಟಿಗೆ. ತೊಟ್ಟಿಯಲ್ಲಿ ಮಣ್ಣು ತುಂಬಿದರೆ ಕೊತ್ತಂಬರಿ ಬೆಳೆಯಬಹುದು. ಒಲೆ ಇದ್ದೇ ಇದೆ, ಮುದುಕಿಗೆ ಬೆಚ್ಚಗಾಗುತ್ತದೆ.

ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅಡುಗೆ ಎಣ್ಣೆಯಲ್ಲಿ ಬತ್ತಿ ಅದ್ದಿ ಹಿತ್ತಿಲ ಬಾಗಿಲಿನ ಚಿಲಕಕ್ಕೆ ಹಚ್ಚಿದಳು. ತುಕ್ಕು ಬಿಟ್ಟು ಅದು ಸರಾಗ ಜಾರಿತು. ಹಾಕಿದಳು, ತೆಗೆದಳು, ಹಾಕಿದಳು. ಆಮೇಲೆ ಅಡುಗೆಮನೆ ಕಡೆಯ ಬಾಗಿಲು ನೋಡಿದಳು. ಅದರ ಚಿಲಕ ಅಡುಗೆಮನೆಯ ಬದಿಗಿತ್ತು. ಆಚೆಯವರು ಇವಳನ್ನು ಇಲ್ಲಿ ಕೂಡಿಹಾಕಬಹುದು, ಇವಳು ಆಚೆಯವರನ್ನು ತಡೆಯಲಾಗದು. ನಲವತ್ತಾರು ವರ್ಷ ದಿನಕ್ಕೆ ನೂರು ಸಲ ದಾಟಿದ ಬಾಗಿಲು, ಇವತ್ತಿನವರೆಗೆ ಗಮನಿಸಿರಲಿಲ್ಲ. "ಬರೀ ಅವರಿಗೆ ಕಣ್ಣಿಲ್ಲ ಅಂದುಕೊಂಡಿದ್ದೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಬತ್ತಿಯನ್ನು ಒಲೆಗೆಸೆದಳು.

ಮೇಸ್ತ್ರಿ ಬಂದ. ಪತ್ರದ ಪ್ರತಿ ಹಿಡಿದು ಮನೆಯ ಸುತ್ತ ಒಂದು ಸುತ್ತು ಹಾಕಿ, ಹಿತ್ತಿಲಲ್ಲಿ ನಿಂತು ತಲೆ ಕೆರೆದ.

"ಯಜಮಾನ್ರೇ, ಈ ಕೋಣೆ ಯಾರ ಭಾಗಕ್ಕೆ?"

"ಯಾವ ಕೋಣೆ?"

"ಇದೇ, ಇಷ್ಟು ದೊಡ್ಡದು ಇದೆಯಲ್ಲ. ಎರಡು ಕಿಟಕಿ, ಎರಡು ಬಾಗಿಲು. ಕಾಗದದಲ್ಲಿ ಇಲ್ಲವೇ ಇಲ್ಲ."

ಮೂವರು ಅಣ್ಣತಮ್ಮಂದಿರು ಹಿತ್ತಿಲಿಗೆ ಬಂದು, ತಮ್ಮ ಮನೆಯ ಬೆನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. ಪೇಟೆಗೆ ಫೋನು ಹೋಯಿತು. ಪತ್ರದವರು ಆ ಕಡೆಯಿಂದ ಹೇಳಿದ್ದನ್ನು ಸಣ್ಣವನು ಜೋರಾಗಿ ಒಪ್ಪಿಸಿದ: ಅಡುಗೆಮನೆ ಗೋಡೆಯವರೆಗೆ ಮಾತ್ರ ಬರೆದಿದೆ. ಆಚೆಯದು ಯಾರ ಪಾಲಿಗೂ ಬಂದಿಲ್ಲ, ಹಾಗಾಗಿ ಮೂವರಿಗೂ ಸೇರಿದ್ದು. ಮೂವರೂ ಒಪ್ಪಿದರೆ ಯಾರಿಗೆ ಬೇಕಾದರೂ ಬರೆಯಬಹುದು. ಒಬ್ಬರು ಬೇಡವೆಂದರೂ ಆಗದು.

ಇಷ್ಟು ವರ್ಷ ಏನೂ ಇಲ್ಲದ ಕೋಣೆಗೆ ಐದು ನಿಮಿಷದಲ್ಲಿ ಬೆಲೆ ಬಂತು.

"ಅಡುಗೆಮನೆ ನನ್ನದು, ಅದಕ್ಕೆ ಅಂಟಿದ್ದು ನನಗೇ ಬರಬೇಕು. ಪಂಪು, ಪೈಪು ಇಡೋಕೆ ಜಾಗ ಇಲ್ಲ," ಎಂದ ದೊಡ್ಡವನು.

"ಅಳೆಯೋಕೆ ಓಡಾಡಿದ್ದು ನಾನು! ಟ್ರಾಕ್ಟರ್ ಸಾಮಾನು ಮಳೇಲಿ ನೆನೀತಿದೆ," ಎಂದು ನಡುವಿನವನು ಕೂಗಿದ.

"ಮಕ್ಕಳಿಗೆ ಪಾಠ ಹೇಳೋಕೆ ಒಂದು ಕೋಣೆ ಇದ್ದಿದ್ರೆ..." ಎಂದ ಸಣ್ಣವನು.

ಹಿರಿ ಸೊಸೆ ಅಡುಗೆಮನೆಯಿಂದ ಹೊರಬಂದಳು. ಹಿಂದೆ ಉಳಿದಿಬ್ಬರು. "ನಿಮ್ಮ ಪತ್ರದಲ್ಲಿ ಎರಡು ಬಿಟ್ಟುಹೋಗಿದೆ," ಎಂದಳು. "ಒಂದು ಈ ಕೋಣೆ. ಇನ್ನೊಂದು ಚಿಕ್ಕಮ್ಮ."

"ಚಿಕ್ಕಮ್ಮಂಗೆ ಏನು ಕಡಿಮೆ ಮಾಡಿದ್ವಿ? ನಾಲ್ಕು ನಾಲ್ಕು ತಿಂಗಳು..." ದೊಡ್ಡವನು ತೊದಲಿದ.

"ಹಸುನೂ ಹಾಗೆ ಹಂಚಲ್ಲ ರೀ," ಎಂದಳು ನಡು ಸೊಸೆ. "ಕರು ಬಡವಾಗುತ್ತೆ ಅಂತ."

ಎಲ್ಲರೂ ಚಿಕ್ಕಮ್ಮನ ಕಡೆ ತಿರುಗಿದರು. ಅವಳು ಒಗೆಯುವ ಕಲ್ಲಿನ ಬಳಿ ನಿಂತಿದ್ದಳು, ಮೊಳಕೈವರೆಗೆ ಸೋಪಿನ ನೊರೆ. ಹಿರಿ ಸೊಸೆಯ ಕಾಲು ಈಗ ದೂರದಲ್ಲಿತ್ತು, ಆದರೆ ಅವಳ ಕಣ್ಣು 'ಹೂಂ, ಹೇಳಿ' ಎನ್ನುತ್ತಿತ್ತು. ಇನ್ನೊಬ್ಬರಿಗೆ ಬೇಕಾದ್ದನ್ನು ಕೇಳಿ ಕೇಳಿ ಅಭ್ಯಾಸವಾದ ಬಾಯಿ ಚಿಕ್ಕಮ್ಮನದು. ಪೆಟ್ಟಿಗೆ ಹಿಡಿದುಕೊಂಡು ಇನ್ನೊಂದು ಓಣಿಗೆ ನಡೆಯುವುದು ಎಷ್ಟೋ ಸುಲಭವಿತ್ತು. ಈಗ ಬಾಯಿ ಬಿಡದಿದ್ದರೆ ಸಂಜೆಯೊಳಗೆ ಇಲ್ಲಿ ಪೈಪು, ಟ್ರಾಕ್ಟರ್ ಸಾಮಾನು ತುಂಬಿರುತ್ತವೆ.

"ನನಗೆ ಬೇಕು," ಎಂದಳು.

ಅವಳ ಬಾಯಲ್ಲಿ ಆ ಮಾತು ಯಾರೂ ಕೇಳಿರಲಿಲ್ಲ. ಮೇಸ್ತ್ರಿ ಕೂಡ ಕರಣೆ ಕೆಳಗಿಟ್ಟ.

"ಈ ಕೋಣೆ ನನಗೆ ಬೇಕು. ಇರೋತನಕ. ನಾಲ್ಕು ತಿಂಗಳ ಲೆಕ್ಕ ನನಗೆ ಬೇಡ. ನಿಮ್ಮ ಮೂವರ ಮನೆಗೂ ಬರ್ತೀನಿ, ಬರಬೇಕು ಅನ್ನಿಸಿದಾಗ. ರಾತ್ರಿ ಇಲ್ಲಿ ಮಲಗ್ತೀನಿ."

ಸಣ್ಣವನು ತಕ್ಷಣ ತಲೆ ತಗ್ಗಿಸಿ, "ಆಗಲಿ ಚಿಕ್ಕಮ್ಮಾ," ಎಂದ. ದೊಡ್ಡವನು ಇನ್ನೊಂದು ಕಷ್ಟ ಕಂಡುಹಿಡಿದ. "ಅದೇನೋ ಸರಿ. ಮತ್ತೆ ನಾವು ಪಾತ್ರೆ ಎಲ್ಲಿ ತೊಳೆಯೋದು?"

"ನಾವು ಅಂದ್ರೆ?" ಎಂದಳು ಹಿರಿ ಸೊಸೆ.

ದೊಡ್ಡವನು ಹೆಂಡತಿಯ ಮುಖ ನೋಡಿ, "ಅಡುಗೆಮನೇಲೇ ಒಂದು ತೊಟ್ಟಿ ಹಾಕಿಸ್ತೀನಿ," ಎಂದು ಮೆಲ್ಲಗೆ ಹೇಳಿದ.

ನಡುವಿನವನು ಮಾತ್ರ ಜಗ್ಗಲಿಲ್ಲ. "ಚಿಕ್ಕಮ್ಮಾ, ನಿನಗೆ ಮೇಲೆ ಒಳ್ಳೇ ಕೋಣೆ ಕೊಡ್ತೀನಿ. ನಮ್ಮ ಭಾಗದಲ್ಲಿ. ಇಲ್ಲೇನಿದೆ ಅಂತ ಕೇಳ್ತೀಯ? ಜಿಡ್ಡು, ಹೊಗೆ. ಇಲ್ಲೇನೂ ಇಲ್ಲ!"

ಚಿಕ್ಕಮ್ಮ ನೊರೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವನ ಮಣಿಕಟ್ಟು ಹಿಡಿದಳು. ನಲವತ್ತಮೂರು ವರ್ಷದ, ಆರಡಿಯ ಆಳನ್ನು ಎಳೆದುಕೊಂಡು ಒಳಗೆ ಹೋದಳು. ನೀರಿನ ಒಲೆಯ ಎದುರು ನಿಲ್ಲಿಸಿ, ಅಲ್ಲಿಂದ ಮೂರು ಮೊಳ ಅಳೆದು, ನೆಲದ ಒಂದು ಕಲ್ಲಿನ ಮೇಲೆ ಕಾಲಿಟ್ಟಳು.

"ಏನೂ ಇಲ್ಲ ಅಂತೀಯಲ್ಲ. ನೀನಿದ್ದೆ ಕಣೋ ಇಲ್ಲಿ. ಬುಟ್ಟೀಲಿ. ನಲವತ್ತು ದಿನ."

ಬುಟ್ಟಿಯ ಕಥೆ ಅವನು ಸಾವಿರ ಸಲ ಕೇಳಿದ್ದ. ಆ ಬುಟ್ಟಿ ಇಟ್ಟ ಜಾಗವೊಂದು ಇರುತ್ತದೆಂದು ಅವನಿಗೆ ಹೊಳೆದಿರಲಿಲ್ಲ. ಕಲ್ಲನ್ನು ನೋಡಿದ. ಒಲೆಯನ್ನು ನೋಡಿದ. ಮಸಿ ಹಿಡಿದ ಗೋಡೆ, ಕಟ್ಟೆ, ಕಿಟಕಿ. ಏನೋ ಹೇಳಲು ಹೋದ. ಮನೆಯೆಲ್ಲ ಕೇಳುವ ಆ ಗಂಟಲು ಪಿಸುಗುಟ್ಟಿತು.

"ಇಷ್ಟು ಹತ್ತಿರಾನಾ? ಸುಡ್ತಿರಲಿಲ್ವಾ?"

"ಅದಕ್ಕೇ ತಾನೇ ನಾನು ಕೂತಿದ್ದು," ಎಂದಳು ಚಿಕ್ಕಮ್ಮ.

ಹೊರಬಂದು ಅವನು ಮೇಸ್ತ್ರಿಯ ಮೇಲೆ ಹರಿಹಾಯ್ದ. "ಏನ್ ನೋಡ್ತಾ ನಿಂತಿದ್ದೀಯಯ್ಯಾ? ಮೊದಲು ಆ ಕೋಣೆಗೆ ಸುಣ್ಣ ಹೊಡಿ!"

ಪತ್ರದವರು ಮತ್ತೆ ಅಷ್ಟು ದೂರ ನಡೆದು ಬಂದರು, ಈ ಸಲ ಗೊಣಗುತ್ತಾ. ಒಂದೇ ಹಾಳೆಯ ಪತ್ರ: ಮೂವರೂ ಒಪ್ಪಿ, ಈ ಕೋಣೆಯನ್ನು ತಮ್ಮ ಚಿಕ್ಕಮ್ಮನಿಗೆ ಅವಳ ಜೀವಮಾನವಿಡೀ ಬಿಟ್ಟುಕೊಟ್ಟಿದ್ದೇವೆ, ಯಾರೂ ತಕರಾರು ಮಾಡುವಂತಿಲ್ಲ. ಟೇಪು ಬಿಚ್ಚುತ್ತಾ, "ಅಳತೆ ಎಷ್ಟಿರಬಹುದಮ್ಮಾ ಅಂದಾಜು?" ಎಂದು ಕೇಳಿದರು.

"ಮೂರು ಬಕೆಟ್ ಇತ್ತು," ಎಂದಳು ಚಿಕ್ಕಮ್ಮ. "ಇನ್ನು ಪಾತ್ರೆ ತೊಳೆಯಲ್ಲವಲ್ಲ. ಒಂದು ಸಾಕು."

ಮೇಸ್ತ್ರಿ ಸುಣ್ಣ ಹೊಡೆದ, ಮೋರಿ ಮುಚ್ಚಿದ. ಅಡುಗೆಮನೆ ಕಡೆಯ ಬಾಗಿಲಿಗೆ ಗೋಡೆ ಕಟ್ಟಿಬಿಡಲೇ ಎಂದು ಕೇಳಿದ. "ಬೇಡಪ್ಪ, ಮಕ್ಕಳು ಓಡಾಡ್ತವೆ. ಬಾಗಿಲು ಇರಲಿ," ಎಂದಳು. "ಆ ಚಿಲಕ ಒಂದು ಕಿತ್ತು ಈ ಕಡೆ ಹಾಕಿಕೊಡು." ಹಳೆಯ ಮೊಳೆಗಳ ನಾಲ್ಕು ತೂತು ಅಡುಗೆಮನೆಯ ಬದಿಗೆ ಉಳಿದವು. ಹಿರಿ ಸೊಸೆ ಅವುಗಳಿಗೆ ಮೇಣ ತುಂಬಲು ಹೋಗಲಿಲ್ಲ.

ಮೊದಲ ದಿನ ಚಿಕ್ಕಮ್ಮ ಎದ್ದದ್ದು ಸೂರ್ಯ ಕಿಟಕಿಗೆ ಬಂದ ಮೇಲೆ. ಯಾರೋ ಕರೆದಂತಾಗಿ ಎರಡು ಸಲ ಕಾಲು ತಾನಾಗಿ ನೆಲಕ್ಕಿಳಿಯಿತು. ಎರಡು ಸಲವೂ ಅದನ್ನು ಮೇಲೆತ್ತಿ ಹೊದಿಕೆಯೊಳಗೆ ಸೇರಿಸಿದಳು. ಎದ್ದು, ಒಂದು ಬಕೆಟ್ ನೀರಲ್ಲಿ ನೆಲ ಒರೆಸಿದಳು. ಹತ್ತು ನಿಮಿಷದಲ್ಲಿ ಮುಗಿಯಿತು. ಮುಗಿದೇ ಹೋಯಿತು, ಮುಂದಿನ ಕೋಣೆ ಇರಲಿಲ್ಲ. ಒರೆಸುವ ಬಟ್ಟೆ ಹಿಂಡಿ ಕಿಟಕಿಗೆ ಹಾಕಿ, ಮಂಚದ ಮೇಲೆ ಕೂತು, ನೆಲ ಆರುವುದನ್ನು ನೋಡಿದಳು. ನೆಲ ಆರುವುದನ್ನು ಅವಳು ಅದುವರೆಗೆ ನೋಡಿರಲಿಲ್ಲ. ಮೊದಲು ಕಿಟಕಿಯ ಹತ್ತಿರ ಆರುತ್ತದೆ, ಆಮೇಲೆ ನಡುವೆ.

ಅಡುಗೆಮನೆ ಕಡೆಯ ಬಾಗಿಲು ತಟ್ಟಿದ ಸದ್ದಾಯಿತು.

"ಬಂ..." ಎಂದವಳು ತುಟಿ ಕಚ್ಚಿದಳು. ಮಂಚದ ಮೇಲೇ ಕೂತು, ದನಿ ಎತ್ತಿ ಕೇಳಿದಳು:

"ಯಾರದು?"

ಆ ಮನೆಯಲ್ಲಿ ಚಿಕ್ಕಮ್ಮ ಆ ಪ್ರಶ್ನೆ ಯಾರಿಗೂ ಕೇಳಿದ್ದಿಲ್ಲ. ಉತ್ತರ ಸಿದ್ಧವಾಗಲು ಹೊತ್ತು ಹಿಡಿಯಿತು.

"ನಾನು, ಚಿಕ್ಕಮ್ಮಾ."

"ನಾನು ಅಂದ್ರೆ? ಮೂರು ಜನ ಇದ್ದೀರಲ್ಲೋ."

"ನಾನು... ದೊಡ್ಡವನು."

"ಏನು ಬೇಕಿತ್ತು ಮಗಾ?"

ಆಚೆ ಕಾಲು ಬದಲಿಸಿ ನಿಂತ ಸದ್ದು. "ಏನೂ ಇಲ್ಲ. ಸುಮ್ನೆ, ನೋಡೋಣ ಅಂತ ಬಂದೆ. ಚಹಾ ಮಾಡಿದ್ದೆ."

ಚಿಕ್ಕಮ್ಮ ನಿಧಾನವಾಗಿ ಎದ್ದಳು. ಆರಿದ ಕಲ್ಲುಗಳ ಮೇಲಷ್ಟೇ ಹೆಜ್ಜೆಯಿಡುತ್ತಾ ಬಾಗಿಲವರೆಗೆ ನಡೆದು ಚಿಲಕ ಸರಿಸಿದಳು. ಎರಡು ಲೋಟ ಹಿಡಿದು ನಿಂತಿದ್ದ ದೊಡ್ಡವನ ಮೊಳಕಾಲವರೆಗೂ ಹೊಲದ ಕೆಸರಿತ್ತು. ಬುದ್ಧಿ ಬಂದ ಮೇಲೆ ಆ ಹೊಸ್ತಿಲಿನಾಚೆ ಅವನ ಕಾಲು ಬಿದ್ದದ್ದೇ ಇಲ್ಲ.

ಅವಳು ಲೋಟಗಳನ್ನು ತೆಗೆದುಕೊಂಡಳು. ಕಿಟಕಿಯ ಮೇಲಿನ ಬಟ್ಟೆ ತಂದು ಅವನ ಕೈಗೆ ಕೊಟ್ಟಳು.

"ಕಾಲು ಒರೆಸ್ಕೊಂಡು ಒಳಗೆ ಬಾ," ಎಂದಳು.